ಲೆಕ್ಕಕ್ಕುಂಟು, ಆಟಕ್ಕಿಲ್ಲ

‘ಹತ್ತು ಜನ ಏನಂದಾರು?’ ಈ ಒಂದು ಮಾತು ನಮ್ಮ ಮನೆಗಳಲ್ಲಿ ಎಷ್ಟು ಮದುವೆ ತಪ್ಪಿಸಿದೆಯೋ, ಎಷ್ಟು ಬಾಯಿ ಕಟ್ಟಿದೆಯೋ. ಆ ಹತ್ತು ಜನ ಯಾರು, ಯಾವ ಬೀದಿಯವರು ಎಂದು ಕೇಳಿದವರಿಲ್ಲ. ಯಹೂದಿಗಳಲ್ಲಿ ಆ ಹತ್ತು ಜನಕ್ಕೆ ಒಂದು ಹೆಸರೇ ಇದೆ: ಮಿನ್ಯಾನ್. ಹೀಬ್ರೂವಿನಲ್ಲಿ ಹಾಗೆಂದರೆ ಎಣಿಕೆ. ಪ್ರಾರ್ಥನೆಯನ್ನು ಒಬ್ಬರೇ ಕೂತು ಮಾಡಬಹುದು, ಅಡ್ಡಿಯಿಲ್ಲ. ಆದರೆ ತೋರಾ ಎಂಬ ಧರ್ಮಗ್ರಂಥದ ಸುರುಳಿಯನ್ನು ಹೊರತೆಗೆದು ವಿಧಿವತ್ತಾಗಿ ಓದಬೇಕಾದರೆ, ಸತ್ತವರಿಗಾಗಿ ಕದ್ದೀಶ್ ಹೇಳಬೇಕಾದರೆ ಹತ್ತು ಮಂದಿ ಯಹೂದಿಗಳು ಇರಲೇಬೇಕು. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಆಗದು; ದಾರಿಯಲ್ಲಿ ಹೋಗುತ್ತಿದ್ದ ಅಕ್ಷರ ಬಾರದವನೊಬ್ಬ ಒಳಗೆ ಬಂದು ನಿಂತರೆ ಆಯಿತು. ಸಂಪ್ರದಾಯಸ್ಥರಲ್ಲಿ ಈ ಹತ್ತೂ ಮಂದಿ ಹದಿಮೂರು ತುಂಬಿದ ಗಂಡಸರೇ ಆಗಬೇಕು.

ಹತ್ತೇ ಏಕೆ? ತಾಲ್ಮುದ್ ಎಂಬ ಶಾಸ್ತ್ರಗ್ರಂಥದ ವಿದ್ವಾಂಸರು ಕೊಡುವ ಕಾರಣ ತಮಾಷೆಯಾಗಿದೆ. ಬೈಬಲಿನಲ್ಲಿ ಕಾನಾನ್ ದೇಶವನ್ನು ನೋಡಿಬರಲು ಮೋಶೆ ಹನ್ನೆರಡು ಜನ ಗೂಢಚಾರರನ್ನು ಕಳಿಸುತ್ತಾನೆ. ಇಬ್ಬರು ಧೈರ್ಯ ಹೇಳಿದರೆ ಉಳಿದ ಹತ್ತು ಮಂದಿ ಹೆದರಿ, ಊರೆಲ್ಲ ಹೆದರಿಸಿ ದೇವರ ಸಿಟ್ಟಿಗೆ ಗುರಿಯಾಗುತ್ತಾರೆ. ಆ ಸಿಟ್ಟಿನಲ್ಲೇ ದೇವರು ಅವರನ್ನು ‘ಸಭೆ’ ಎನ್ನುತ್ತಾನೆ. ಹತ್ತು ಜನ ಸೇರಿದರೆ ಸಭೆ ಎಂಬ ನಿಯಮ ಅಲ್ಲಿಂದ ಹುಟ್ಟಿತು. ಅಂದರೆ ಎಣಿಕೆಗೆ ಮಾದರಿಯಾದವರು ಸಜ್ಜನರಲ್ಲ, ಶುದ್ಧ ಪುಕ್ಕಲರು. ಬಹಿಷ್ಕಾರಕ್ಕೆ ಒಳಗಾಗದ ಯಾವ ಪಾಪಿಯನ್ನೂ ಹತ್ತರೊಳಗೆ ಎಣಿಸಬಹುದು ಎಂದು ಹದಿನಾರನೆಯ ಶತಮಾನದ ಧರ್ಮಸಂಹಿತೆ ಶುಲ್ಹನ್ ಅರೂಖ್ ಕೂಡ ಹೇಳುತ್ತದೆ.

ಇಷ್ಟು ಉದಾರವಾದ ಲೆಕ್ಕದಲ್ಲಿ ಸಲಿಂಗಪ್ರೇಮಿ ಗಂಡಸೊಬ್ಬ ಎಲ್ಲಿ ನಿಲ್ಲುತ್ತಾನೆ? ಕಾನೂನಿನ ಪ್ರಕಾರ ಹತ್ತರಲ್ಲಿ ಒಬ್ಬನಾಗಿಯೇ ನಿಲ್ಲುತ್ತಾನೆ. ಬಹಳಷ್ಟು ಸಂಪ್ರದಾಯಸ್ಥರಲ್ಲಿ ನಡವಳಿಕೆಯ ಮಾತು ಬೇರೆ. ತೋರಾ ಓದಿಗೆ ವೇದಿಕೆಗೆ ಕರೆಯುವ ಗೌರವ ಅವನಿಗಿಲ್ಲ, ಮಕ್ಕಳಿಗೆ ಪಾಠ ಹೇಳುವ ಕೆಲಸ ಅವನಿಗಿಲ್ಲ, ಸಂಗಾತಿಯ ಹೆಸರು ಹೇಳುವಂತಿಲ್ಲ. ನಮ್ಮ ಗಾದೆಯನ್ನು ತಿರುವಿ ಹಾಕಿದರೆ ಅವನ ಸ್ಥಿತಿಗೆ ಸರಿಯಾಗಿ ಹೊಂದುತ್ತದೆ: ಲೆಕ್ಕಕ್ಕುಂಟು, ಆಟಕ್ಕಿಲ್ಲ. ಹೆಣ್ಣಾಗಿದ್ದರಂತೂ ಲೆಕ್ಕಕ್ಕೂ ಇಲ್ಲ, ಆಟಕ್ಕೂ ಇಲ್ಲ.

ಈ ಕಷ್ಟದ ಬೇರು ಬೈಬಲಿನ ಯಾಜಕಕಾಂಡದ ಎರಡು ವಾಕ್ಯಗಳಲ್ಲಿದೆ. 18ನೆಯ ಅಧ್ಯಾಯದ 22ನೆಯ ವಾಕ್ಯ ಗಂಡು ಗಂಡಿನ ಸಂಗವನ್ನು ನಿಷೇಧಿಸುತ್ತದೆ. 20ನೆಯ ಅಧ್ಯಾಯ ಅದಕ್ಕೆ ಮರಣದಂಡನೆ ವಿಧಿಸುತ್ತದೆ. ಪುಸ್ತಕದ ಮೂಲೆಯಲ್ಲಿ ಮಲಗಿರುವ ವಾಕ್ಯವಾಗಿದ್ದರೆ ಮರೆತುಬಿಡಬಹುದಿತ್ತೇನೋ. ಆದರೆ ವರ್ಷದಲ್ಲೇ ಅತಿ ಪವಿತ್ರವಾದ ಯೋಮ್ ಕಿಪ್ಪುರ್ ಉಪವಾಸದ ದಿನ, ಪ್ರಾರ್ಥನಾಮಂದಿರವಾದ ಸಿನಗಾಗ್ ಕಿಕ್ಕಿರಿದಿರುವಾಗ, ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಸಾಂಪ್ರದಾಯಿಕವಾಗಿ ಓದುವುದು ಇದೇ 18ನೆಯ ಅಧ್ಯಾಯವನ್ನು. ಹದಿನಾರು ವರ್ಷದ ಹುಡುಗ ಹಸಿದ ಹೊಟ್ಟೆಯಲ್ಲಿ ಅಪ್ಪನ ಪಕ್ಕ ನಿಂತು ಅದನ್ನು ಕೇಳಿಸಿಕೊಳ್ಳಬೇಕು. ಅದೇ ಉಪವಾಸ ಹಿಂದಿನ ಸಂಜೆ ಆರಂಭವಾದದ್ದು ಪಾಪಿಗಳ ಜೊತೆ ನಿಂತು ಪ್ರಾರ್ಥಿಸಲು ನಮಗೆ ಅನುಮತಿಯಿದೆ ಎಂಬ ಘೋಷಣೆಯಿಂದ. ಎರಡನ್ನೂ ಒಂದೇ ಧರ್ಮ ಒಂದೇ ದಿನದೊಳಗೆ ಹೇಳುತ್ತದೆ. ಮುಂದೆ ನಡೆದದ್ದೆಲ್ಲ ಈ ಎರಡರ ನಡುವಿನ ಎಳೆದಾಟ.

1972ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಾಲ್ವರು ಯಹೂದಿಗಳು ಒಂದು ಚರ್ಚಿನಲ್ಲಿ ಸಂಧಿಸಿದರು. ಅದು ಟ್ರಾಯ್ ಪೆರಿ ಎಂಬ ಪಾದ್ರಿ 1968ರಲ್ಲಿ ಸಲಿಂಗಪ್ರೇಮಿಗಳಿಗಾಗಿಯೇ ಕಟ್ಟಿದ ಮೆಟ್ರೊಪಾಲಿಟನ್ ಕಮ್ಯೂನಿಟಿ ಚರ್ಚ್. ಕ್ರೈಸ್ತರಿಗೆ ಹೀಗೊಂದು ಜಾಗ ಇರಬಹುದಾದರೆ ನಮಗೇಕಿಲ್ಲ ಎಂಬ ಪ್ರಶ್ನೆಯಿಂದ ಜಗತ್ತಿನ ಮೊದಲ ಎಲ್‌ಜಿಬಿಟಿ ಸಿನಗಾಗ್ ಹುಟ್ಟಿತು. ಬೇತ್ ಹಯೀಮ್ ಹದಶೀಮ್ ಎಂದು ಹೆಸರು. ಹೊಸ ಬದುಕಿನ ಮನೆ ಎಂದರ್ಥ. ವರ್ಷ ತುಂಬುವ ಮೊದಲೇ, 1973ರ ಜನವರಿಯಲ್ಲಿ, ಆ ಚರ್ಚ್ ಕಟ್ಟಡ ಸುಟ್ಟುಹೋಯಿತು. ಅದೇ ವರ್ಷ ಅವರಿಗೊಂದು ತೋರಾ ಸುರುಳಿ ಸಿಕ್ಕಿತು. ಅದು ಚೆಕೊಸ್ಲೊವಾಕಿಯಾದ ಹೊತ್ಯೆಬೊರ್ ಎಂಬ ಊರಿನದು. ನಾಜಿಗಳ ಕಾಲದಲ್ಲಿ ಯಹೂದಿಗಳಿಲ್ಲದಂತಾದ ಊರುಗಳ 1,564 ಸುರುಳಿಗಳು ಪ್ರಾಗ್‌ನಿಂದ 1964ರಲ್ಲಿ ಲಂಡನ್ನಿಗೆ ಬಂದಿದ್ದವು. ಅವುಗಳನ್ನು ಓದುವ ಜನ ಇರುವ ಕಡೆಗೆ ಎರವಲು ಕೊಡಲಾಗುತ್ತಿತ್ತು. ಓದುಗರನ್ನು ಕಳೆದುಕೊಂಡ ಸುರುಳಿ, ಸುರುಳಿಯಿಲ್ಲದ ಓದುಗರ ಮನೆ ಸೇರಿತು.

ಅಮೆರಿಕದ ಸುಧಾರಣಾವಾದಿ ಯಹೂದಿಗಳ ಒಕ್ಕೂಟಕ್ಕೆ ಈ ಪುಟ್ಟ ಸಭೆ ಅರ್ಜಿ ಹಾಕಿತು. ಸುಧಾರಣಾವಾದಿಗಳು ವಿಶ್ರಾಂತಿಯ ದಿನವಾದ ಶನಿವಾರವೂ ಕಾರು ಓಡಿಸುವವರು, ಆಹಾರದ ಕಟ್ಟಳೆ ಸಡಿಲಿಸಿದವರು. ಸಲೀಸಾಗಿ ಒಪ್ಪಿಯಾರು ಎಂದುಕೊಂಡರೆ ತಪ್ಪು. ಅವರಲ್ಲೇ ಹಿರಿಯ ಧರ್ಮಶಾಸ್ತ್ರಜ್ಞರಾದ ಸಾಲೊಮನ್ ಫ್ರೀಹಾಫ್ 1973ರಲ್ಲಿ ವಿರೋಧಿಸಿ ಅಭಿಪ್ರಾಯ ಕೊಟ್ಟರು. ಸಲಿಂಗಪ್ರೇಮಿಗಳನ್ನು ಹೊರಗಿಡಬಾರದು, ಆದರೆ ಅವರಿಗಾಗಿಯೇ ಪ್ರತ್ಯೇಕ ಸಿನಗಾಗ್ ಕೂಡದು ಎಂಬುದು ಅವರ ವಾದ. ಕೇಳಲು ಹಿತವಾಗಿದೆ. ‘ಎಲ್ಲರ ಜೊತೆ ಬಂದು ಕೂತುಕೋ, ನೀನು ಯಾರೆಂದು ಮಾತ್ರ ಹೇಳಬೇಡ’ ಎಂದು ಅದನ್ನು ಬಿಡಿಸಿ ಓದಿದರೆ ಆ ಹಿತ ಉಳಿಯುವುದಿಲ್ಲ. ಆದರೂ 1974ರಲ್ಲಿ ಒಕ್ಕೂಟ ಆ ಸಭೆಯನ್ನು ಸದಸ್ಯನನ್ನಾಗಿ ಸೇರಿಸಿಕೊಂಡಿತು.

ನ್ಯೂಯಾರ್ಕಿನ ಕಥೆಯೂ ಚರ್ಚಿನಲ್ಲೇ ಶುರು. 1973ರ ಫೆಬ್ರವರಿಯಲ್ಲಿ ‘ವಿಲೇಜ್ ವಾಯ್ಸ್’ ವಾರಪತ್ರಿಕೆಯಲ್ಲಿ ಒಂದು ಚಿಕ್ಕ ಜಾಹೀರಾತು: ಗೇ ಸಿನಗಾಗ್, ಶುಕ್ರವಾರ ರಾತ್ರಿಯ ಪ್ರಾರ್ಥನೆ. ಅದರ ಹಿಂದಿದ್ದವರು ಜೇಕಬ್ ಗಬ್ಬೇ. (ಗಬ್ಬೇ ಎಂಬುದು ಕಲ್ಕತ್ತ, ಬೊಂಬಾಯಿಗಳ ಬಾಗ್ದಾದಿ ಯಹೂದಿ ವರ್ತಕರ ನಡುವೆ ಚಿರಪರಿಚಿತ ಮನೆತನದ ಹೆಸರು.) ಒಂಬತ್ತನೇ ಅವೆನ್ಯೂದ ಹೋಲಿ ಅಪಾಸಲ್ಸ್ ಚರ್ಚಿನ ಜಾಗದಲ್ಲಿ ಹತ್ತು ಹನ್ನೆರಡು ಮಂದಿ ಸೇರಿದರು. ಮಿನ್ಯಾನಿಗೆ ಸಾಕಾಯಿತು. ಆ ಸಭೆಯೇ ಇಂದಿನ ಬೇತ್ ಸಿಮ್ಹತ್ ತೋರಾ. 2016ರಿಂದ ಮ್ಯಾನ್‌ಹಟನ್ನಿನ 30ನೇ ಬೀದಿಯಲ್ಲಿ ಸ್ವಂತ ಸ್ಥಳ. ಯೋಮ್ ಕಿಪ್ಪುರ್ ದಿನ ಸಾವಿರಾರು ಮಂದಿಯನ್ನು ಹಿಡಿಸಲು ಜಾವಿಟ್ಸ್ ಸಮ್ಮೇಳನ ಭವನಕ್ಕೆ ಹೋಗಬೇಕಾದಷ್ಟು ಬೆಳೆದಿದೆ. ಅಮೆರಿಕದ ಬಹಳಷ್ಟು ಸಿನಗಾಗ್‌ಗಳಲ್ಲಿ ಆ ದಿನದ ಆಸನಕ್ಕೆ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳಬೇಕು. ಇವರು ಬಾಗಿಲು ತೆರೆದಿಟ್ಟರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1977ರಲ್ಲಿ ಶುರುವಾದ ಸಭೆ ‘ಶಾರ್ ಜಹಾವ್’ ಎಂದು ಹೆಸರಿಟ್ಟುಕೊಂಡಿತು. ಚಿನ್ನದ ಬಾಗಿಲು. ಊರಿನ ಗೋಲ್ಡನ್ ಗೇಟ್ ಸೇತುವೆಗೂ ಒಂದು ಕಣ್ಣು ಹೊಡೆದಂತಾಯಿತು.

ನಾಲ್ಕು ವರ್ಷ ಕಳೆಯುವುದರೊಳಗೆ ಏಡ್ಸ್ ಬಂತು.

ಕದ್ದೀಶ್ ಎಂಬುದು ಸತ್ತವರಿಗಾಗಿ ಹೇಳುವ ಸ್ತುತಿ. ಸಾವಿನ ಹೆಸರೇ ಅದರಲ್ಲಿಲ್ಲ. ಅರಾಮಿಕ್ ಭಾಷೆಯ ಕೆಲವೇ ಸಾಲುಗಳಲ್ಲಿ ದೇವರ ಹೆಸರು ದೊಡ್ಡದಾಗಲಿ ಎಂದು ಹಾರೈಸುತ್ತದೆ, ಅಷ್ಟೇ. ದುಃಖದಲ್ಲಿರುವವರು ಎದ್ದು ನಿಂತು ಹೇಳುತ್ತಾರೆ, ಸುತ್ತಲಿದ್ದವರು ಆಮೆನ್ ಎನ್ನುತ್ತಾರೆ. ಆಮೆನ್ ಎನ್ನುವ ಹತ್ತು ಜನರ ಸಭೆಯಿಲ್ಲದಿದ್ದರೆ ಕದ್ದೀಶ್ ಇಲ್ಲ. ತಂದೆತಾಯಿಗಾಗಿ ಮಕ್ಕಳು ಹನ್ನೊಂದು ತಿಂಗಳು ಹೇಳಬೇಕು. ಮೂವತ್ತು ವರ್ಷಕ್ಕೇ ಸತ್ತ ಹುಡುಗನಿಗೆ ಮಕ್ಕಳೆಲ್ಲಿಂದ ಬರಬೇಕು? ಧರ್ಮಶಾಸ್ತ್ರ ಶೋಕಾಚರಣೆಯ ಹಕ್ಕು ಕೊಡುವುದು ತಂದೆ, ತಾಯಿ, ಮಗ, ಮಗಳು, ಸೋದರ, ಸೋದರಿ, ಗಂಡ ಅಥವಾ ಹೆಂಡತಿಗೆ. ಆಸ್ಪತ್ರೆಯಲ್ಲಿ ಕೊನೆಯವರೆಗೆ ತುತ್ತಿಟ್ಟ ಸಂಗಾತಿ ಈ ಪಟ್ಟಿಯಲ್ಲಿಲ್ಲ. ಮಗ ಏತರಿಂದ ಸತ್ತನೆಂದು ನೆಂಟರಿಗೆ ಹೇಳಲಾಗದೆ ಮನೆಬಾಗಿಲು ಹಾಕಿಕೊಂಡ ಅಪ್ಪ ಅಮ್ಮಂದಿರಿದ್ದರು. ಹೆಣಕ್ಕೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಉಡಿಸುವ ‘ತಹಾರಾ’ ಸೇವೆಯನ್ನು ಪ್ರತಿ ಯಹೂದಿ ಊರಿನಲ್ಲೂ ಒಂದು ಸಂಘ ನಡೆಸುತ್ತದೆ. ಅಂಥ ಕೆಲವು ಸಂಘಗಳು ಏಡ್ಸ್‌ನಿಂದ ಸತ್ತವರನ್ನು ಮುಟ್ಟಲು ಒಪ್ಪಲಿಲ್ಲ.

ಶುಕ್ರವಾರ ರಾತ್ರಿ ಹಾಡಿ, ಉಂಡು, ಗೆಳೆತನ ಹುಡುಕಿಕೊಂಡು ಹೋಗುವ ಕೂಟವಾಗಿ ಆರಂಭವಾದದ್ದು ಹೀಗೆ ಹೆಣ ಹೊರುವ ಕೂಟವಾಯಿತು. ಮೃತರಿಗಾಗಿ ಎದ್ದು ನಿಲ್ಲುವವರೂ ಇವರೇ, ಆಮೆನ್ ಎನ್ನುವವರೂ ಇವರೇ. ಹಿಂದಿನ ವಾರ ಆಮೆನ್ ಎಂದವನಿಗೆ ಈ ವಾರ ಕದ್ದೀಶ್. ಬೇತ್ ಸಿಮ್ಹತ್ ತೋರಾ ಸುಮಾರು ಇಪ್ಪತ್ತು ವರ್ಷ ರಬ್ಬಿ ಎಂಬ ಧರ್ಮಗುರುವೇ ಇಲ್ಲದೆ ಸದಸ್ಯರ ದುಡಿಮೆಯಿಂದ ನಡೆದಿತ್ತು. ಸಾವುಗಳ ನಡುವೆ 1992ರಲ್ಲಿ ಶರೋನ್ ಕ್ಲೈನ್‌ಬಾಮ್ ಅವರನ್ನು ಮೊದಲ ರಬ್ಬಿಯಾಗಿ ನೇಮಿಸಿಕೊಂಡಿತು. ಅವರು 2024ರವರೆಗೆ ಅಲ್ಲಿದ್ದರು. ಈ ಸಿನಗಾಗ್‌ಗಳು ಏಕೆ ಬೇಕಿತ್ತು ಎಂದು ಫ್ರೀಹಾಫ್‌ರಂಥವರು ಕೇಳಿದ್ದಕ್ಕೆ ಎಂಬತ್ತರ ದಶಕ ಕೊಟ್ಟ ಉತ್ತರಕ್ಕಿಂತ ಬೇರೆ ಉತ್ತರ ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಇಂಥ ಕೂಟದಲ್ಲಿ ನಡೆಯುವುದಾದರೂ ಏನು? ಹೊರಗಿನವರು ಏನೋ ವಿಶೇಷ ನಿರೀಕ್ಷಿಸಿ ಹೋದರೆ ನಿರಾಶರಾದಾರು. ಸೂರ್ಯ ಮುಳುಗುವ ಮೊದಲು ದೀಪ. ಶನಿವಾರದ ವಿಶ್ರಾಂತಿಯ ದಿನ ಸಬ್ಬತ್ತನ್ನು ಮದುವಣಗಿತ್ತಿಯೆಂದು ಬರಮಾಡಿಕೊಳ್ಳುವ ಹಾಡು. ಹದಿನಾರನೆಯ ಶತಮಾನದ ಸಫೇದ್ ಪಟ್ಟಣದ ಶ್ಲೋಮೊ ಅಲ್ಕಬೆಟ್ಸ್ ಕಟ್ಟಿದ್ದು. ಕೊನೆಯ ಚರಣಕ್ಕೆ ಎಲ್ಲರೂ ಬಾಗಿಲ ಕಡೆ ತಿರುಗಿ ಬಾಗುತ್ತಾರೆ. ಆಮೇಲೆ ದ್ರಾಕ್ಷಾರಸ, ಬಟ್ಟೆ ಮುಚ್ಚಿದ ಎರಡು ಜಡೆ ಹೆಣೆದ ರೊಟ್ಟಿ, ಊಟ, ಹರಟೆ. ಗಂಡು ಗಂಡು ಜೋಡಿ, ಹೆಣ್ಣು ಹೆಣ್ಣು ಜೋಡಿ, ಅವರ ಮಕ್ಕಳು, ಒಂಟಿ ಮುದುಕರು, ಟ್ರಾನ್ಸ್ ಯುವಕರು, ಅವರಿಗೆ ಹೆಗಲು ಕೊಡಲು ಬಂದ ಅಮ್ಮಂದಿರು, ಅಕ್ಕ ತಂಗಿಯರು, ಗೆಳೆಯರು. ಇಂಗ್ಲಿಷಿನವರು ಇವರನ್ನು ‘ಅಲೈ’ ಎನ್ನುತ್ತಾರೆ, ಯುದ್ಧದಲ್ಲಿ ಮಿತ್ರದೇಶ ಎನ್ನುವ ಹಾಗೆ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರಿಗೆ ಆ ಪದ ಯಾಕೋ ಬಿಗಿಯಾಯಿತು ಅನ್ನಿಸುತ್ತದೆ. ಪಂಕ್ತಿಭೇದ ಎಂದರೇನೆಂದು ಗೊತ್ತಿರುವ ನಮಗೆ ಜೊತೆಗೆ ಕೂತು ಉಣ್ಣುವುದರ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

ನಿಜವಾದ ತೊಡಕು ವ್ಯಾಕರಣದ್ದು. ಕನ್ನಡದಲ್ಲಿ ‘ನೀನು’ ಎಂದರೆ ಎದುರಿಗಿರುವುದು ಗಂಡೋ ಹೆಣ್ಣೋ ತಿಳಿಯದು. ‘ಅವರು’ ಎಂದರೆ ಗೌರವವೂ ಆಯಿತು, ಲಿಂಗದ ಗೊಡವೆಯೂ ತಪ್ಪಿತು. ಹೀಬ್ರೂವಿಗೆ ಆ ಸೌಲಭ್ಯವಿಲ್ಲ. ಗಂಡಸಿಗೆ ಹೇಳುವ ‘ನೀನು’ ಬೇರೆ, ಹೆಂಗಸಿಗೆ ಬೇರೆ. ‘ಎದ್ದು ಬಾ’ ಎನ್ನುವ ಕ್ರಿಯಾಪದವೂ ಬೇರೆ. ತೋರಾ ಓದಿಗೆ ಕರೆಯುವಾಗ ಇಂಥವರ ಮಗ ಇಂಥವನು ಎಂದೋ, ಇಂಥವರ ಮಗಳು ಇಂಥವಳು ಎಂದೋ ಕೂಗಲೇಬೇಕು. ಎರಡೂ ಅಲ್ಲದವರನ್ನು ಹೇಗೆ ಕರೆಯುವುದು? ಕೊನೆಗೆ ಸಿಕ್ಕ ಉಪಾಯ ಬಹಳ ಹಳ್ಳಿಯದು: ಮಗ, ಮಗಳು ಎನ್ನುವ ಬದಲು ‘ಮಿಬೇತ್’, ಅಂದರೆ ‘ಇಂಥವರ ಮನೆಯ’. ನಮ್ಮ ಊರುಗಳಲ್ಲಿ ‘ನೀವು ಯಾರ ಮನೆಯವರಪ್ಪ?’ ಎಂದು ಕೇಳಿದ ಹಾಗೆ. ಸುಧಾರಣಾವಾದಿಗಳಿಗೂ ಸಂಪ್ರದಾಯಸ್ಥರಿಗೂ ನಡುವಿನ ಕನ್ಸರ್ವೇಟಿವ್ ಪಂಥದ ಧರ್ಮಶಾಸ್ತ್ರ ಸಮಿತಿ 2022ರಲ್ಲಿ ಇಂಥ ಕರೆಗೆ ವಿಧಿವತ್ತಾದ ಒಪ್ಪಿಗೆ ಕೊಟ್ಟಿತು.

ಎರಡಕ್ಕೂ ಸೇರದವರು ಈ ಶಾಸ್ತ್ರಕ್ಕೆ ಹೊಸಬರೇನಲ್ಲ. ಕ್ರಿಸ್ತಶಕ 200ರ ಸುಮಾರಿಗೆ ಸಂಕಲಿತವಾದ ಧರ್ಮಶಾಸ್ತ್ರ ಗ್ರಂಥ ಮಿಶ್ನಾದಲ್ಲಿ ಎರಡೂ ಲಕ್ಷಣವುಳ್ಳ ‘ಆಂಡ್ರೊಗಿನೊಸ್’, ಯಾವ ಲಕ್ಷಣವೂ ತೋರದ ‘ತುಮ್ತುಮ್’ ಬರುತ್ತಾರೆ. ಆಂಡ್ರೊಗಿನೊಸ್ ಯಾವ ವಿಷಯದಲ್ಲಿ ಗಂಡಿನ ಹಾಗೆ, ಯಾವುದರಲ್ಲಿ ಹೆಣ್ಣಿನ ಹಾಗೆ, ಯಾವುದರಲ್ಲಿ ಎರಡರ ಹಾಗೆ, ಯಾವುದರಲ್ಲಿ ಎರಡೂ ಅಲ್ಲ ಎಂದು ಪಟ್ಟಿ ಮಾಡಿದ ಮೇಲೆ ರಬ್ಬಿ ಯೋಸೆ ಎಂಬವರು ಬೇಸತ್ತಂತೆ, ಅದು ತನ್ನದೇ ಆದ ಒಂದು ಜೀವ ಎಂದುಬಿಡುತ್ತಾರೆ. ಇಂದಿನ ಟ್ರಾನ್ಸ್ ಯಹೂದಿಗಳಿಗೆ ಆ ಮಾತೆಂದರೆ ಪ್ರಾಣ. ಆದರೆ ಒಂದು ಎಚ್ಚರ ಬೇಕು. ಹಳೆಯ ರಬ್ಬಿಗಳು ಕರುಣೆಯಿಂದ ಇದನ್ನು ಬರೆದವರಲ್ಲ. ಯಾರಿಗೆ ಆಸ್ತಿ, ಯಾರಿಗೆ ವ್ರತ ಎಂಬ ಲೆಕ್ಕ ಬರೆಯುತ್ತಿದ್ದ ವ್ಯವಹಾರಸ್ಥರು. ಅವರ ಪುಸ್ತಕದಲ್ಲಿ ಹೆಸರು ಇತ್ತು ಎಂಬುದಷ್ಟೇ ದೊಡ್ಡದು.

ಈ ಕೂಟಗಳ ಆಚೆಗೂ ಮನೆಮನೆಗೆ ಹೋದ ವಸ್ತುವೆಂದರೆ ಕಿತ್ತಳೆ ಹಣ್ಣು. ಪಸ್ಕ ಹಬ್ಬದ ರಾತ್ರಿ ಯಹೂದಿಗಳ ಮೇಜಿನ ಮೇಲೆ ಸೇದರ್ ತಟ್ಟೆ ಇರುತ್ತದೆ. ಕಹಿ ಸೊಪ್ಪು, ಮೊಟ್ಟೆ, ಮೂಳೆ, ಸಿಹಿ ಕಲಸು. ಒಂದೊಂದಕ್ಕೂ ಈಜಿಪ್ಟಿನ ದಾಸ್ಯ ಮತ್ತು ಬಿಡುಗಡೆಯ ಒಂದೊಂದು ಅರ್ಥ. ಕೆಲವರ ತಟ್ಟೆಯಲ್ಲಿ ಒಂದು ಕಿತ್ತಳೆಯೂ ಕೂತಿರುತ್ತದೆ. ಕಾರಣ ಕೇಳಿದರೆ ಬಹುಮಂದಿ ಹೇಳುವ ಕಥೆ ಇದು: ಒಬ್ಬ ವಿದುಷಿ ಭಾಷಣ ಮಾಡುತ್ತಿದ್ದಾಗ ಮುದುಕನೊಬ್ಬ ಎದ್ದು, ಸೇದರ್ ತಟ್ಟೆಯಲ್ಲಿ ಕಿತ್ತಳೆಗೆ ಎಷ್ಟು ಜಾಗವೋ ಸಿನಗಾಗ್ ವೇದಿಕೆಯಲ್ಲಿ ಹೆಂಗಸಿಗೂ ಅಷ್ಟೇ ಎಂದು ರೇಗಿದ, ಅವನಿಗೆ ಉತ್ತರವಾಗಿ ಈ ಹಣ್ಣು.

ಕಥೆ ಸುಳ್ಳು. ಎಂಬತ್ತರ ದಶಕದ ಆರಂಭದಲ್ಲಿ ಇದನ್ನು ಶುರುಮಾಡಿದ ಸುಸಾನಾ ಹೆಶೆಲ್ ಅವರೇ ಹಾಗೆಂದು ಮತ್ತೆ ಮತ್ತೆ ಬರೆದಿದ್ದಾರೆ. ಓಬರ್ಲಿನ್ ಕಾಲೇಜಿನಲ್ಲಿ ಸಲಿಂಗಪ್ರೇಮಿ ಮಹಿಳೆಯರಿಗೆ ಬೆಂಬಲವಾಗಿ ತಟ್ಟೆಯಲ್ಲಿ ಬ್ರೆಡ್ಡಿನ ಚೂರು ಇಡುವ ಮಾತು ಅವರ ಕಿವಿಗೆ ಬಿತ್ತು. ಉದ್ದೇಶ ಒಳ್ಳೆಯದೇ. ಆದರೆ ಪಸ್ಕದಲ್ಲಿ ಹುದುಗು ಬಂದ ಹಿಟ್ಟಿನ ಒಂದು ಚೂರು ಇದ್ದರೂ ಮನೆಯೆಲ್ಲ ಕೆಡುತ್ತದೆ. ನಮ್ಮ ಮಡಿ ಅಡುಗೆಮನೆಗೆ ಮುಸುರೆ ತಾಗಿದ ಹಾಗೆ. ಹೆಶೆಲ್ ಯೋಚಿಸಿದ್ದು ಇಷ್ಟು: ಬ್ರೆಡ್ ಇಟ್ಟರೆ ಇವರು ಬಂದಿದ್ದರಿಂದ ತಟ್ಟೆ ಕೆಟ್ಟಿತು ಎಂದು ನಾವೇ ಒಪ್ಪಿದಂತಾಗುತ್ತದೆ. ಅದಕ್ಕೇ ಹಣ್ಣು. ಸಲಿಂಗಪ್ರೇಮಿಗಳು ಸೇರಿಕೊಂಡರೆ ಸಮಾಜಕ್ಕೆ ರಸ ತುಂಬುತ್ತದೆ, ಬೀಜ ಬಂದರೆ ಅದು ದ್ವೇಷ, ಉಗಿಯಿರಿ. ಎಲ್ಲರೂ ಒಂದೊಂದು ತೊಳೆ ತಿಂದು ಬೀಜ ಉಗಿಯುವುದು ಅವರ ಮನೆಯ ಪದ್ಧತಿ. ಜನರ ಬಾಯಲ್ಲಿ ಸಲಿಂಗಪ್ರೇಮಿಗಳು ಕಥೆಯಿಂದ ಕಳಚಿಕೊಂಡರು; ಆಲೋಚಿಸಿದವಳ ಜಾಗಕ್ಕೂ ಒಬ್ಬ ಮುದುಕ ಬಂದು ಕೂತ. ಕಿತ್ತಳೆ ಉಳಿಯಿತು, ಯಾರಿಗಾಗಿ ಇಟ್ಟರೋ ಅವರೇ ಮಾಯ. ಹೊರಹಾಕುವುದಕ್ಕೆ ಬಡಿಗೆಯೇ ಬೇಕೆಂದಿಲ್ಲ, ಮರೆವೂ ಸಾಕು.

ಸುಧಾರಣಾವಾದಿಗಳ ರಬ್ಬಿಗಳು 2000ದಲ್ಲಿ ಸಲಿಂಗ ಜೋಡಿಗಳ ವಿಧಿ ನಡೆಸುವ ಸದಸ್ಯರನ್ನು ಬೆಂಬಲಿಸಿದರು. ಮಧ್ಯದಾರಿಯ ಕನ್ಸರ್ವೇಟಿವ್ ಪಂಥ 2006ರ ಡಿಸೆಂಬರಿನಲ್ಲಿ ಮಾಡಿದ್ದು ಹೆಚ್ಚು ಸ್ವಾರಸ್ಯದ್ದು. ಅವರ ಸಮಿತಿಯಲ್ಲಿ ಮತ ಹಾಕುವವರು 25 ಮಂದಿ. ಮನುಷ್ಯಘನತೆಯ ತತ್ವದ ಮೇಲೆ ನಿಷೇಧವನ್ನು ಬಹುಪಾಲು ಸಡಿಲಿಸುವ ಪ್ರಬಂಧಕ್ಕೆ 13 ಮತ. ನಿಷೇಧ ಹಾಗೇ ಇರಲಿ ಎನ್ನುವ ಪ್ರಬಂಧಕ್ಕೂ 13 ಮತ. ಕೂಡಿ ನೋಡಿ. ಒಬ್ಬ ಪುಣ್ಯಾತ್ಮರಾದರೂ ಎರಡಕ್ಕೂ ಕೈಯೆತ್ತಿರಲೇಬೇಕು! ಆರು ಮತ ಬಂದರೂ ಅಭಿಪ್ರಾಯ ಸಿಂಧುವಾಗುವ ಪದ್ಧತಿಯಾದ್ದರಿಂದ ಎರಡೂ ಸಿಂಧು; ಯಾವುದನ್ನು ಅನುಸರಿಸಬೇಕೆಂಬುದು ಆಯಾ ರಬ್ಬಿಗೆ ಬಿಟ್ಟದ್ದು. ನಗು ಬಂದರೂ, ಸಲಿಂಗಪ್ರೇಮಿ ಯುವಕ ಯುವತಿಯರಿಗೆ ರಬ್ಬಿ ಪದವಿಯ ಶಾಲೆಗಳ ಬಾಗಿಲು ಮರುವರ್ಷ ತೆರೆದದ್ದು ಈ ಎರಡೆಳೆಯ ತೀರ್ಮಾನದಿಂದಲೇ.

ಕಷ್ಟ ಇರುವುದು ಸಂಪ್ರದಾಯಸ್ಥರ, ಅಂದರೆ ಆರ್ಥೊಡಾಕ್ಸ್, ಮನೆಗಳಲ್ಲಿ. ‘ಬೇರೆ ಸಿನಗಾಗ್‌ಗೆ ಹೋಗಿ, ಮುಗಿಯಿತಲ್ಲ’ ಎಂದು ಅವರಿಗೆ ಹೇಳುವುದು, ಜಾತ್ರೆಗೆ ಸೇರಿಸದಿದ್ದರೆ ಊರು ಬಿಡು ಎಂದಂತೆ. ಸ್ಯಾಂಡಿ ಡುಬೌಸ್ಕಿಯವರ 2001ರ ಸಾಕ್ಷ್ಯಚಿತ್ರ ‘ಟ್ರೆಂಬ್ಲಿಂಗ್ ಬಿಫೋರ್ ಗಾಡ್’ನಲ್ಲಿ ಇಂಥ ಎಷ್ಟೋ ಜನ ಪರದೆಯ ಹಿಂದಿನ ನೆರಳುಗಳಾಗಿ ಮಾತ್ರ ಕಾಣುತ್ತಾರೆ. ಸಬ್ಬತ್ ದೀಪ ಹಚ್ಚುವುದೂ ನೆರಳೇ. ಅದಕ್ಕೆ ಎರಡು ವರ್ಷ ಮುಂಚೆ, 1999ರಲ್ಲಿ, ಆರ್ಥೊಡಾಕ್ಸ್ ದೀಕ್ಷೆ ಪಡೆದ ರಬ್ಬಿ ಸ್ಟೀವನ್ ಗ್ರೀನ್‌ಬರ್ಗ್ ತಾನು ಗೇ ಎಂದು ಬಹಿರಂಗವಾಗಿ ಹೇಳಿದ್ದರು. ಮುಂದೆ ಅವರೂ ಸೇರಿ ಕಟ್ಟಿದ ಸಂಸ್ಥೆಯ ಹೆಸರು ಎಶೆಲ್. ಆದಿಕಾಂಡದಲ್ಲಿ ಅಬ್ರಹಾಮ ಬೇರ್ಷೆಬದಲ್ಲಿ ನೆಟ್ಟ ಮರ ಅದು. ಮರವಲ್ಲ, ದಾರಿಹೋಕರಿಗೆ ಕಟ್ಟಿಸಿದ ಛತ್ರ ಎಂದು ಹಳೆಯ ವ್ಯಾಖ್ಯಾನಕಾರರೊಬ್ಬರು ವಾದಿಸುತ್ತಾರೆ. ಆ ಪದದ ಮೂರು ಅಕ್ಷರಗಳಲ್ಲಿ ಊಟ, ನೀರು, ತಂಗಲು ಜಾಗ ಮೂರೂ ಅಡಗಿವೆಯಂತೆ. ಅನ್ನಛತ್ರ, ಅರವಟ್ಟಿಗೆ ಎರಡನ್ನೂ ಕಂಡ ನಾಡಿನವರಿಗೆ ಈ ಹೆಸರು ತಕ್ಷಣ ಒಗ್ಗುತ್ತದೆ. ಎಶೆಲ್ ನಡೆಸುವ ಕೂಟಗಳಲ್ಲಿ ಮಕ್ಕಳಿಗಷ್ಟೇ ಅಲ್ಲ, ಅಪ್ಪ ಅಮ್ಮಂದಿರಿಗೂ ಪ್ರತ್ಯೇಕ ಶಿಬಿರಗಳಿವೆ. ಮಗಳಿಗೆ ಗಂಡು ನೋಡಲು ಬಂದ ನೆಂಟರ ಮುಂದೆ ಏನು ಹೇಳಬೇಕು ಎಂದು ಒಬ್ಬ ತಾಯಿ ಇನ್ನೊಬ್ಬ ತಾಯಿಯನ್ನಲ್ಲದೆ ಯಾರನ್ನು ಕೇಳಬೇಕು?

ಹೆಗಲು ಕೊಟ್ಟವರೂ ಬೆಲೆ ತೆತ್ತಿದ್ದಾರೆ. 2015ರ ಜುಲೈ 30ರಂದು ಜೆರುಸಲೇಮಿನ ಪ್ರೈಡ್ ಮೆರವಣಿಗೆಗೆ ಶಿರಾ ಬಂಕಿ ಎಂಬ ಹದಿನಾರರ ಹುಡುಗಿ ಗೆಳೆಯರಿಗೆ ಬೆಂಬಲವಾಗಿ ಬಂದಿದ್ದಳು. ಹತ್ತು ವರ್ಷ ಹಿಂದೆ ಇದೇ ಮೆರವಣಿಗೆಯಲ್ಲಿ ಚಾಕು ಬೀಸಿ ಜೈಲಿಗೆ ಹೋಗಿ, ಕೆಲವೇ ವಾರಗಳ ಹಿಂದೆ ಬಿಡುಗಡೆಯಾಗಿದ್ದ ಮಡಿವಂತನೊಬ್ಬ ಮತ್ತೆ ಚಾಕು ಹಿಡಿದು ನುಗ್ಗಿ ಆರು ಮಂದಿಯನ್ನು ಇರಿದ. ಶಿರಾ ಮೂರು ದಿನಗಳ ಮೇಲೆ ತೀರಿಕೊಂಡಳು. ಆಮೇಲಿನ ಮೆರವಣಿಗೆಗಳಲ್ಲಿ ಜನ ಆ ಜಾಗಕ್ಕೆ ಬಂದಾಗ ನಿಂತು ಹೂವಿಟ್ಟು ಮುಂದೆ ಹೋಗುತ್ತಾರೆ.

ಒಳಗೆ ಜಗಳವಿಲ್ಲದ ಕೂಟವೆಂದು ಯಾರೂ ತಿಳಿಯಬಾರದು. ಪ್ರಾರ್ಥನೆಯಲ್ಲಿ ದೇವರನ್ನು ಗಂಡಾಗಿಯೇ ಕರೆಯಬೇಕೇ ಎಂದು ಜಗಳವಾಗಿದೆ. 2014ರ ಗಾಜಾ ಯುದ್ಧದಲ್ಲಿ ಸತ್ತ ಇಸ್ರೇಲಿ ಸೈನಿಕರ ಜೊತೆಗೆ ಪ್ಯಾಲೆಸ್ತೀನಿ ಮಕ್ಕಳ ಹೆಸರುಗಳನ್ನೂ ಸಭೆಯಲ್ಲಿ ಓದಿಸಿದ್ದಕ್ಕೆ ಕ್ಲೈನ್‌ಬಾಮ್ ಅವರ ಸಿನಗಾಗ್ ಬಿಟ್ಟುಹೋದವರಿದ್ದಾರೆ. ಇಬ್ಬರು ಯಹೂದಿಗಳಿದ್ದಲ್ಲಿ ಮೂರು ಅಭಿಪ್ರಾಯ ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಜನ ಇವರು.

ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದು, ದೃಷ್ಟಿಯಾದೀತು ಎಂಬ ನಂಬಿಕೆ ಯಹೂದಿಗಳಲ್ಲಿದೆ. ನಮ್ಮ ಕಣದಲ್ಲಿ ರಾಶಿ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎನ್ನುವ ಹಾಗೆ. ಹಾಗಾಗಿ ಮಿನ್ಯಾನ್ ಎಣಿಸಲು ಹೀಬ್ರೂವಿನಲ್ಲಿ ಸರಿಯಾಗಿ ಹತ್ತು ಪದಗಳಿರುವ ಕೀರ್ತನೆಯ ವಾಕ್ಯವೊಂದನ್ನು ಬಳಸುತ್ತಾರೆ. ಒಬ್ಬೊಬ್ಬರ ಕಡೆ ನೋಡಿ ಒಂದೊಂದು ಪದ. ಗಂಡೋ ಹೆಣ್ಣೋ, ಮಗನೋ ಮಗಳೋ, ಯಾರ ಮನೆಯವರೋ, ಪದ ಮಾತ್ರ ಒಂದೇ. ಮಳೆ ಬಂದ ಶುಕ್ರವಾರ ಒಂಬತ್ತನೆಯ ಪದಕ್ಕೇ ಜನ ಮುಗಿದರೆ, ಕದ್ದೀಶ್ ಹೇಳಬೇಕಾದವರು ಪುಸ್ತಕ ತೆರೆದುಕೊಂಡು ನಿಂತಿರುವಾಗ, ಯಾರಾದರೊಬ್ಬರು ಓಣಿಗೆ ಹೋಗಿ ಫೋನು ತೆಗೆಯುತ್ತಾರೆ: ‘ಎಲ್ಲಿದ್ದೀಯ? ಒಬ್ಬರು ಕಡಿಮೆ. ಬೇಗ ಬಾ.’